ಹಳದಿ ಗೆರೆ ಅಳಿಸಿದ ಮೇಲೆ

ಹೋದ ಭಾನುವಾರ ನಾನು ನಮ್ಮ ಅಪಾರ್ಟ್‌ಮೆಂಟಿನ ನೆಲ ತೊಳೆಸಿ ಒಬ್ಬ ಮನುಷ್ಯನ ಕಾಲು ಕಟ್ಟಿಹಾಕಿದೆ.

ಉತ್ಪ್ರೇಕ್ಷೆ ಅಲ್ಲ. ಪೂರ್ತಿ ಕೇಳಿ, ಆಮೇಲೆ ಬೈಯಿರಿ.

ತೆಲುಗು ಸೀಮೆಯ ಮಲ್ಕಾಜ್‌ಗಿರಿಯ ನಮ್ಮ ಬಿಲ್ಡಿಂಗಿಗೆ ನಾನೇ ಸೆಕ್ರೆಟರಿ. (ಬೇರೆ ಯಾರೂ ಒಪ್ಪಲಿಲ್ಲ. ಅದಕ್ಕೇ ಅವಿರೋಧ ಆಯ್ಕೆ ಎನ್ನುವುದು.) ಮೊದಲ ಲಾಕ್‌ಡೌನಿನಲ್ಲಿ ಗೇಟಿಗೆ ತರಕಾರಿ ಗಾಡಿ ಬಂದರೆ ಸಾಕು, ಇಪ್ಪತ್ತನಾಲ್ಕು ಮನೆಯವರೂ ಒಮ್ಮೆಗೇ ಮುಗಿಬೀಳುತ್ತಿದ್ದರು. ಆರಡಿ ದೂರ ನಿಲ್ಲಿ ಎಂದರೆ ಒಬ್ಬೊಬ್ಬರ ಆರಡಿ ಒಂದೊಂದು ಉದ್ದ. ಆಗ ನನ್ನ ತಲೆ ಓಡಿತು. ಲಿಫ್ಟಿನ ಬಾಗಿಲಿನಿಂದ ಗೇಟಿನವರೆಗೆ ಒಂದೂವರೆ ಅಡಿಗೊಂದರಂತೆ ಹಳದಿ ಪೇಂಟಿನಲ್ಲಿ ಅಡ್ಡಗೆರೆ ಹೊಡೆಸಿದೆ. ಮುಂದಿರುವವರಿಂದ ನಾಲ್ಕನೇ ಗೆರೆಯ ಮೇಲೆ ನಿಲ್ಲಿ. ಎಣಿಸಿಕೊಳ್ಳಿ, ಜಗಳ ಬೇಡ!

ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಎರಡನೇ ಅಲೆಯೂ ಇಳಿಯಿತು. ಲಸಿಕೆ ಆಯಿತು. ಆಫೀಸಿನವರು ವಾರಕ್ಕೆರಡು ದಿನ ಮಾದಾಪುರಕ್ಕೆ ಬನ್ನಿ ಅಂದರು. ಆ ಗೆರೆ ನೋಡಿದರೆ ಕೆಟ್ಟ ದಿನಗಳೇ ನೆನಪಾಗುತ್ತವೆ, ತೆಗೆಸಿಬಿಡಿ ಎಂದು ನಾಲ್ಕಾರು ಮನೆಯವರು ಹೇಳಿದರು. ನನಗೂ ಹಾಗೇ ಅನ್ನಿಸಿತ್ತು. ಭಾನುವಾರ ಬೆಳಿಗ್ಗೆ ಥಿನ್ನರ್ ತರಿಸಿ, ವಾಚ್‌ಮನ್ ಕೈಗೆ ತಂತಿ ಬ್ರಷ್ ಕೊಟ್ಟು, ಮುಂದೆ ನಿಂತು ಉಜ್ಜಿಸಿದೆ. ನೆಲ ಫಳಫಳ. ಫೋಟೊ ತೆಗೆದು ಗ್ರೂಪಿಗೆ ಹಾಕಿದೆ. ಚಪ್ಪಾಳೆಯ ಚಿತ್ರಗಳು ಸಾಲುಸಾಲಾಗಿ ಬಂದವು.

ಬುಧವಾರ ಸಂಜೆ ಮೂರನೇ ಮಹಡಿಯ ನೀಲಮ್ಮ ಕಾಕು ಫೋನು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಬಾಗಲಕೋಟೆ ಕಡೆಯವರು. ಯಜಮಾನರು ಮಹಾಂತಪ್ಪ ಕಾಕಾ, ರೈಲ್ವೆಯಲ್ಲಿ ಕೀಮನ್ ಆಗಿದ್ದವರು. ಅಂದರೆ ದಿನಾ ಹಳಿಗುಂಟ ಮೈಲುಗಟ್ಟಲೆ ನಡೆದು, ಸಡಿಲಾದ ಕೀಲುಗಳನ್ನು ಸುತ್ತಿಗೆಯಲ್ಲಿ ಬಡಿದು ಬಿಗಿ ಮಾಡುವ ಕೆಲಸ. ರಿಟೈರ್ ಆದ ಮೇಲೆ ಪಾರ್ಕಿನ್ಸನ್ ಬಂತು. ಕೈ ನಡುಗುತ್ತದೆ. ದನಿ ಇಳಿದುಹೋಗಿದೆ. ಒಂದು ಮಾತು ಹೊರಡಬೇಕಾದರೆ ನಾವು ಕಾಯಬೇಕು.

"ತಂಗಿ, ದವಾಖಾನಿಯಿಂದ ಫಾರ್ಮ್ ಕಳಸ್ಯಾರ. ಈ ಬ್ಯಾನಿ ಇದ್ದಾವರು ಕೊರೋನಾದಾಗ ಹೆಂಗ ದಿನಾ ಕಳದ್ರು ಅಂತ ಏನೋ ರಿಸರ್ಚ್ ಮಾಡಾಕತ್ತಾರಂತ. ಎಲ್ಲಾ ಇಂಗ್ಲಿಷ್ ಐತಿ. ಒಂದೀಟು ತುಂಬಿಕೊಡವಾ."

ಅವರ ಮನೆಗೆ ಹೋಗಿ ಕಾಕಾನ ಎದುರು ಕುಳಿತೆ. ನಾನು ಓದುವುದು, ಕಾಕು ಉತ್ತರಿಸುವುದು, ನಾನು ಒತ್ತುವುದು. ಕಾಕಾ ಬಾಯಿ ತೆರೆಯುವಷ್ಟರಲ್ಲಿ ನಾವಿಬ್ಬರೂ ಮುಂದಿನ ಪ್ರಶ್ನೆಗೆ ಹೋಗಿರುತ್ತಿದ್ದೆವು. ಫಿಸಿಯೋಥೆರಪಿ ನಿಂತಿತೇ? ನಿಂತಿತು. ಮಾತ್ರೆ ಸಿಕ್ಕಿತೇ? ಒಮ್ಮೆ ಎಲ್ಲೂ ಸಿಗದೆ ಕಾಕು ಉಪ್ಪಲ್‌ತನಕ ಹೋಗಿ ತಂದರಂತೆ. ನಿದ್ದೆ? ಕೆಟ್ಟಿತು. ಮನಸ್ಸಿಗೆ ಬೇಸರ ಎಷ್ಟಿತ್ತು? ಇದಕ್ಕೆ ಮಾತ್ರ ಕಾಕು ಕಿಟಕಿಯ ಕಡೆ ನೋಡಿದರು. ನಾನು ಸುಮ್ಮನೆ ಮುಂದಕ್ಕೆ ಹೋದೆ.

ನಡಿಗೆ: ಹದಗೆಟ್ಟಿತೇ, ಹಾಗೇ ಇತ್ತೇ, ಸುಧಾರಿಸಿತೇ?

ಕೇಳುವುದೇನು ಬಂತು, ಹದಗೆಟ್ಟಿತು ಎಂದು ಒತ್ತಿದೆ. ಆಗ ಕಾಕಾ ಕೈ ಎತ್ತಿದರು.

"ಚಲೋ ಆಗಿತ್ತು."

ನಾನು ನಕ್ಕೆ. ಮನೆಯಲ್ಲಿ ಕೂತು ಕೂತು ಗಟ್ಟಿಮುಟ್ಟಾದವರೇ ಕುಂಟುವಂತಾಗಿದ್ದಾಗ ಇವರದು ಚಲೋ ಆಗಿತ್ತೇ? ಕಾಕಾ ಮತ್ತೆ ಹೇಳಿದರು. ಈ ಸಲ ನಾನು ಕಾಯ್ದೆ.

"ಗೆರಿ ಇದ್ದೂವಲ್ಲ, ತಂಗಿ. ಗೆರಿ ಕಂಡ್ರ ಕಾಲು ತಾನಽ ಏಳತೈತಿ. ಇಲ್ಲಂದ್ರ ನೆಲಕ್ಕ ಮೊಳಿ ಬಡದಂಗ ಆಗತೈತಿ."

"ದಿನಾ ಮುಂಜಾನೆ ಕೆಳಗ ಇಳದು ಗೇಟಿನತನ ಆರಾರು ಸಲ ಅಡ್ಡಾಡಿ ಬರ್ತಿದ್ರು" ಎಂದರು ಕಾಕು. "ನನ್ನ ಕೈ ಸುದ್ದಾ ಹಿಡೀತಿದ್ದಿಲ್ಲ."

ಅದನ್ನು ನಾನು ಎಷ್ಟೋ ಬೆಳಿಗ್ಗೆ ಬಾಲ್ಕನಿಯಿಂದ ನೋಡಿದ್ದೆ. ಈ ವಯಸ್ಸಿನಲ್ಲಿ ಮನೆಯೊಳಗೆ ಕೂರೋಕೆ ಇವರಿಗೇನು ಕಷ್ಟ ಎಂದು ಸಿಡಿಮಿಡಿಗೊಂಡಿದ್ದೆ. ಹಿರಿಯರು ಕೆಳಗೆ ಬರಬೇಡಿ ಎಂದು ಗ್ರೂಪಿನಲ್ಲಿ ಬುದ್ಧಿಮಾತನ್ನೂ ಹಾಕಿದ್ದೆ.

"ಈಗ ಇಳಿಯಂಗಿಲ್ಲೇನ್ರಿ?"

"ಸೋಮವಾರ ಇಳದಿದ್ರು. ಲಿಫ್ಟಿನ ಮುಂದ ನಿಂತಾವರು ನಿಂತಽ ಬಿಟ್ರು, ನಾ ಹುಡುಕ್ಕೋಂತ ಹೋಗೂತನ. ಅವತ್ತಿನಿಂದ ಬಾಗಲಾ ದಾಟಿಲ್ಲ."

ಸೋಮವಾರ ನನಗೆ ಆಫೀಸಿತ್ತು, ಗೇಟಿನಲ್ಲಿ ಆಫೀಸಿನ ಗಾಡಿ ಬಂದು ನಿಂತಿತ್ತು. ಲಿಫ್ಟಿನಿಂದ ಇಳಿದಾಗ ಕಾಕಾ ಅಲ್ಲೇ ನಿಂತಿದ್ದರು. ಆರಾಮೇನ್ರಿ ಕಾಕಾ ಅಂದೆ. ಆರಾಮವಾ ಅಂದರು. ನಾನು ಅವರ ಪಕ್ಕದಿಂದಲೇ ದಾಟಿಕೊಂಡು ಹೋದೆ. ವಾಚ್‌ಮನ್ ಕೂಡ ನೋಡಿದ್ದನಂತೆ. "ಎವರಿಕೋಸಮೋ ಚೂಸ್ತುನ್ನಾರನುಕುನ್ನಾ ಮೇಡಂ" ಎಂದ ಆಮೇಲೆ. ಯಾರಿಗೋ ಕಾಯುತ್ತಿದ್ದಾರೆ ಎಂದುಕೊಂಡನಂತೆ.

"ನನಗ್ಯಾಕ ಹೇಳಲಿಲ್ರಿ ಕಾಕಾ?"

"ನಿನ್ನ ಗಾಡಿ ಹಾರ್ನ್ ಹೊಡ್ಯಾಕತ್ತಿತ್ತು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ನನಗೆ ತಲೆ ಎತ್ತಲಾಗಲಿಲ್ಲ. ಹದಗೆಟ್ಟಿತು ಎಂಬುದನ್ನು ಅಳಿಸಿ, ಸುಧಾರಿಸಿತು ಎಂದು ಒತ್ತಿ, ಫಾರ್ಮ್ ಕಳಿಸಿ ಮನೆಗೆ ಬಂದೆ.

ಮರುದಿನವೇ ರಿಸರ್ಚಿನ ಡಾಕ್ಟರ್ ಹುಡುಗಿ ಫೋನು ಮಾಡಿದಳು. ನಡಿಗೆ ಸುಧಾರಿಸಿತು ಎಂದು ತಪ್ಪಿ ಒತ್ತಿದಿರಾ ಎಂದು ವಿಚಾರಿಸಲು. ಇಲ್ಲಮ್ಮ ಎಂದು ಗೆರೆಯ ಕಥೆ ಹೇಳಿದೆ. ಅವಳಿಗೆ ಖುಷಿಯೋ ಖುಷಿ. ಈ ಕಾಯಿಲೆಯಲ್ಲಿ ಕೆಲವರಿಗೆ ನಡೆಯುತ್ತ ನಡೆಯುತ್ತ ಕಾಲು ಹೆಪ್ಪುಗಟ್ಟಿದಂತೆ ನಿಂತುಬಿಡುತ್ತದಂತೆ. ನೆಲದ ಮೇಲೆ ಅಡ್ಡಗೆರೆ ಕಂಡರೆ ಎಷ್ಟೋ ಜನ ಅದನ್ನು ದಾಟಲು ಹೆಜ್ಜೆ ಎತ್ತುತ್ತಾರಂತೆ. ಫಿಸಿಯೋದವರು ಇದಕ್ಕೆಂದೇ ಟೇಪು ಅಂಟಿಸುತ್ತಾರಂತೆ. "ಆ ಗೆರೆ ಹಾಕಿಸಿದವರಿಗೆ ನನ್ನ ಥ್ಯಾಂಕ್ಸ್ ಹೇಳಿ ಮೇಡಂ" ಅಂದಳು.

ಹೇಳುತ್ತೇನೆ ಅಂದೆ. ಅಳಿಸಿದವರ ಬಗ್ಗೆ ಅವಳೂ ಕೇಳಲಿಲ್ಲ, ನಾನೂ ಬಾಯಿಬಿಡಲಿಲ್ಲ.

ಕಾಕುಗೆ ಡಾಕ್ಟರ ವಿವರಣೆ ಅಷ್ಟೇನೂ ಹಿಡಿಸಲಿಲ್ಲ. "ಮೂವತ್ತು ವರ್ಷ ಹಳಿ ನಡುವಿನ ಅಡ್ಡಪಟ್ಟಿ, ಆ ಸ್ಲೀಪರ್ ಮ್ಯಾಲೆ ಹೆಜ್ಜಿ ಇಟ್ಟ ಕಾಲು ಅವು. ಗೆರಿ ಬೇಡದಽ ಇರ್ತಾವೇನು?" ಡಾಕ್ಟರ್ ಹೇಳಿದ್ದು ಸರಿ ಇರಬೇಕು. ಆದರೂ ನಾನು ಕಾಕುವಿನ ಪಕ್ಷ.

ಅವತ್ತೇ ಟೇಪು ತಂದು ಅವರ ಬೆಡ್‌ರೂಮಿನಿಂದ ಬಾತ್‌ರೂಮಿನವರೆಗೆ ಗೆರೆ ಅಂಟಿಸಿದೆ. ಕಾಕಾ ಎದ್ದರು, ಒಂದೊಂದೇ ದಾಟಿ ನಡೆದೂಬಿಟ್ಟರು. ನನ್ನ ಕಣ್ಣು ತುಂಬಿತು. ಆದರೆ ಮನುಷ್ಯನಿಗೆ ಬಾತ್‌ರೂಮಿಗೆ ಹೋಗಲು ಬಂದರೆ ಸಾಕೇ? ಗೇಟು ಬೇಡವೇ? ಬೀದಿಯ ನಾಲ್ಕು ಮುಖ ಬೇಡವೇ? ಕೆಳಗೂ ಟೇಪು ಅಂಟಿಸಿದೆ. ಸ್ಕೂಟರುಗಳ ಚಕ್ರಕ್ಕೆ ಸಂಜೆಯೊಳಗೆ ಕಿತ್ತುಬಂತು. ಪೇಂಟೇ ಆಗಬೇಕು.

ಶುಕ್ರವಾರ ಕಮಿಟಿ ಕರೆದೆ.

"ಕೊರೋನಾ ಅಯಿಪೋಯಿಂದಿ ಕದಾ ಮೇಡಂ?" ಎಂದರು ಒಬ್ಬರು. ಕೊರೋನಾ ಮುಗಿಯಿತಲ್ಲ, ಇನ್ನೇಕೆ ಗೆರೆ ಎಂದು. ಒಬ್ಬರಿಗೋಸ್ಕರ ಅಷ್ಟೂ ನೆಲಕ್ಕೆ ಬಳಿಯಬೇಕೇ ಎಂದರು ಇನ್ನೊಬ್ಬರು. ಬಿಲ್ಡಿಂಗಿನ ಲುಕ್ ಹೋಗುತ್ತದೆ ಎಂದರು ಮತ್ತೊಬ್ಬರು. ಕೊನೆಗೆ ಎಲ್ಲರೂ ಸೇರಿ, ಬಹಳ ಮರ್ಯಾದೆಯಿಂದ, ಮುಂದಿನ ತಿಂಗಳ ಮೀಟಿಂಗಿಗೆ ತಳ್ಳಿದರು.

ಅಲ್ಲ ಸ್ವಾಮಿ, ಇಷ್ಟು ದಿನ ಇದೇ ಗೆರೆಗಳನ್ನು ತುಳಿದುಕೊಂಡು ಓಡಾಡಿದೆವಲ್ಲ, ಆಗ ಲುಕ್ ಎಲ್ಲಿ ಹೋಗಿತ್ತು? ಆಗ ಹೋಗುವ ಜೀವ ನಮ್ಮದಾಗಿತ್ತು. ಒಂದೇ ಒಂದು ಮೆಸೇಜಿಗೆ ಎಲ್ಲರೂ ಒಪ್ಪಿದ್ದೆವು. ಈಗ ಒಬ್ಬರ ಕಾಲಿನ ವಿಷಯ, ಅದಕ್ಕೆ ಠರಾವು ಬೇಕು. (ನಾನಾದರೂ ಜೋರಾಗಿ ಬೈಯುವುದು ಹೇಗೆ? ಬ್ರಷ್ ಹಿಡಿಸಿದವಳು ನಾನೇ ತಾನೇ.)

ಮೀಟಿಂಗ್ ಮುಗಿಸಿ ಮಹಾಂತಪ್ಪ ಕಾಕಾನ ಮನೆಗೆ ಹೋದೆ. ಸ್ವಲ್ಪ ತಡ ಆಗುತ್ತದೆ ಎಂದು ಹೇಳುವುದಿತ್ತು. ಟಿವಿಯಲ್ಲಿ ಮೂರನೇ ಅಲೆಯ ಸುದ್ದಿ ಓಡುತ್ತಿತ್ತು. ಕಾಕಾ ಅದನ್ನೇ ನೋಡುತ್ತಿದ್ದರು.

"ತಂಗಿ, ಮೂರನೇ ಅಲಿ ಬರ್ತೈತಿ ಅಂತಾರಲ್ಲ. ಖರೇ ಏನು?"

"ಹೆದರಬ್ಯಾಡ್ರಿ ಕಾಕಾ, ಬರಂಗಿಲ್ಲ."

ಕಾಕಾ ಟಿವಿಯಿಂದ ನನ್ನ ಕಡೆ ತಿರುಗಿದರು. ಮಾತು ಹೊರಡಲು ತಡವಾಗುತ್ತಿದೆ ಎಂದುಕೊಂಡು ನಾನು ಕಾಯ್ದೆ.

"ಬಂದ್ರ... ಮತ್ತ ಗೆರಿ ಹೊಡಸ್ತೀರೇನವಾ?"

ಒಬ್ಬ ಮನುಷ್ಯ ಗೇಟಿನವರೆಗೆ ನಡೆಯಬೇಕಾದರೆ, ಉಳಿದ ಇಪ್ಪತ್ತಮೂರು ಮನೆಯವರು ಮತ್ತೊಮ್ಮೆ ಸಾವಿಗೆ ಹೆದರಲೇಬೇಕೇ?