ಅತಾವುಲ್ಲಾ ಸಾಬರು ಕಟ್ಟಿದ ಟ್ಯಾಂಕು

ಅಣ್ಣಮ್ಮ ಅತಾವುಲ್ಲಾ ಸಾಬರನ್ನು ಮೊದಲು ಕಂಡ ದಿನ ಅವರು ಕೋಳಿಗೂಡಿನೊಳಗೆ ಕೂತಿದ್ದರು. ಕಿಕ್ಕೇರಿಯ ಬಸ್ ನಿಲ್ದಾಣದ ಹಿಂದೆ ಅವರದೊಂದು ವೆಲ್ಡಿಂಗ್ ಶೆಡ್ಡು. ಫಾರಂ ಕೋಳಿ ಸಾಗಿಸುವ ಗಾಡಿಯೊಂದು ಅಲ್ಲಿ ನಿಂತಿತ್ತು. ಅದರ ಕಂಬಿಗಳ ನಡುವೆ ಮಂಡಿ ಮಡಚಿಕೊಂಡು, ಬಿಳಿ ಗಡ್ಡಕ್ಕೆ ಕಿಡಿ ಹಾರದಂತೆ ಟವೆಲು ಸುತ್ತಿಕೊಂಡು ಸಾಬರು ಬೆಸೆಯುತ್ತಿದ್ದರು.

"ಸಾಬ್ರೇ, ಒಸಿ ಈಚೆಗೆ ಬತ್ತೀರಾ?"

"ಇರಮ್ಮ, ಕೋಳಿ ಇನ್ನೂ ಮೊಟ್ಟೆ ಇಕ್ಕಿಲ್ಲ" ಎಂದು ನಕ್ಕು ಹೊರಬಂದರು.

ಅಣ್ಣಮ್ಮ ಬಂದ ಕಾರಣ ಹೇಳಿದಳು. ಅವಳ ಊರಿನ ಮನೆಗಳಿಂದ ಹಾಲಿನ ಡೈರಿಗೆ ಹೋಗುವ ದಾರಿಯ ಎರಡೂ ಕಡೆ ಆಳುದ್ದದ ಕಬ್ಬು. ಚಿರತೆಯೊಂದು ಅಲ್ಲೇ ಬೀಡುಬಿಟ್ಟಿತ್ತು. ಮೊದಲು ನಾಯಿ, ಆಮೇಲೆ ಅಣ್ಣಮ್ಮನ ಕರು, ಈಗ ಹಾಲಿನ ಕ್ಯಾನು ಹೊತ್ತು ನಡೆಯುತ್ತಿದ್ದ ಹೆಂಗಸೊಬ್ಬಳ ಮೇಲೂ ಎಗರಿತ್ತು. ಬೆಳಕು ಹರಿಯುವ ಮೊದಲೇ ಹಾಲು ಹಾಕಬೇಕಾದವರು ಏನು ಮಾಡಬೇಕು? ಊರಿನ ಹುಡುಗ ಸಿದ್ದರಾಜುವಿನ ಟ್ರಾಕ್ಟರಿನ ಹಿಂದಿನ ಟ್ರೈಲರಿಗೆ ಕಬ್ಬಿಣದ ಗೂಡು ಕಟ್ಟಿಸಿದರೆ ಅದರೊಳಗೆ ಕೂತು ಹೋಗಬಹುದು ಎಂದು ಹೆಂಗಸರು ಮಾತಾಡಿಕೊಂಡಿದ್ದರು. ಹಿರಿಯಳೆಂದು ಅವಳನ್ನು ಕಳಿಸಿದ್ದರು.

ಸಾಬರ ಕಣ್ಣು ಅರಳಿತು. "ಅಂದ್ರೆ ನಿಮ್ಗೆ ಟ್ಯಾಂಕು ಬೇಕು!"

"ಟ್ಯಾಂಕು ಊರಲ್ಲಿ ಐತೆ ಸಾಬ್ರೇ, ನೀರೇ ಬರಾಕಿಲ್ಲ. ನಮ್ಗೆ ಗೂಡು ಸಾಕು."

"ಯುದ್ಧದ ಟ್ಯಾಂಕು ಕಣಮ್ಮ!"

ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಜಟಕಾ ಗಾಡಿ ರಿಪೇರಿ ಮಾಡುತ್ತಿದ್ದವರ ಮಗ ಸಾಬರು. ಪಾಂಡವಪುರದ ಲಾರಿ ಬಾಡಿ ಶೆಡ್ಡೊಂದರಲ್ಲಿ ಬೆಸುಗೆ ಕಲಿತರು. ಹರೆಯದಲ್ಲಿ ಉತ್ತರದ ಕಡೆ ಸೈನ್ಯದ ಗಾಡಿ ರಿಪೇರಿಯ ಕೂಲಿಗೆ ಹೋಗಿ, ಅಲ್ಲಿ ನಿಜವಾದ ಟ್ಯಾಂಕಿನ ಮೈ ಮುಟ್ಟಿ ಬಂದಿದ್ದರು. ಅಕ್ಬರಿ ಬೇಗಂರನ್ನು ಮದುವೆಯಾಗಿ ಕಿಕ್ಕೇರಿಯಲ್ಲಿ ನಿಂತ ಮೇಲೆ ಕೋಳಿ ಗಾಡಿ, ಕುರಿ ಗಾಡಿ ಬಿಟ್ಟು ಬೇರೇನೂ ಕಟ್ಟಲಿಲ್ಲ. ಬಾಯಲ್ಲಿ ಮಾತ್ರ ಟ್ಯಾಂಕು.

ಕೆಲಸ ನೋಡಲು ಹೋದಾಗಲೆಲ್ಲ ಅಣ್ಣಮ್ಮನಿಗೆ ಅದೇ ಕತೆ. ನೂರು ವರ್ಷದ ಹಿಂದೆ ಇಂಗ್ಲಿಷರು ಕದ್ದುಮುಚ್ಚಿ ಮೊದಲ ಟ್ಯಾಂಕು ಕಟ್ಟಿದ್ದು. ಒಳಗಿನ ಕಾವಿಗೂ ಹೊಗೆಗೂ ಸಿಪಾಯಿಗಳು ಗುಂಡು ತಗಲುವ ಮೊದಲೇ ಜ್ಞಾನ ತಪ್ಪುತ್ತಿದ್ದದ್ದು. ಆಮೇಲಿನ ಯುದ್ಧದಲ್ಲಿ ಸಮುದ್ರದಂಡೆಯ ಊರೊಂದನ್ನು ಶತ್ರುಗಳು ಮುತ್ತಿದಾಗ, ಟ್ಯಾಂಕು ಸಾಲದೆ ಅಲ್ಲಿಯವರು ಟ್ರಾಕ್ಟರಿಗೇ ತಗಡು ಹೊದಿಸಿ, ನಡುವೆ ಮರದ ಹಲಗೆ ಜಡಿದು ಕಳಿಸಿದ್ದು.

"ಟ್ಯಾಂಕಿಗೆ ಮುಖ್ಯ ಯಾವ್ದು ಯೋಳಿ? ತೋಪಲ್ಲ. ಈಚೆ ಬರೋ ಬಾಗ್ಲು."

"ಜಾಲರಿ ಹೊಡೆದ್ರೆ ಸಾಲ್ದಾ ಸಾಬ್ರೇ? ಗಾಳಿ ಆಡ್ತದೆ."

"ಜಾಲರಿ ಕೋಳಿಗೆ. ಮನುಷ್ಯರಿಗೆ ತಗಡು."

ಟ್ರೈಲರು ಸಿದ್ಧವಾಯಿತು. ಸುತ್ತಲೂ, ಮೇಲೂ ತಗಡು. ನೋಡಲು ಬೆರಳಗಲದ ಸೀಳು. ಮೊದಲ ಸವಾರಿ ಅಣ್ಣಮ್ಮನದೇ ಆಗಬೇಕೆಂದು ಹೆಂಗಸರು ಹಟ ಹಿಡಿದರು. ಸಾಬರೇ ಬಾಗಿಲು ಮುಚ್ಚಿ, ಹೊರಗಿನಿಂದ ಚಿಲಕ ಹಾಕಿ, ಸಿಪಾಯಿಯ ಹಾಗೆ ಸೆಲ್ಯೂಟ್ ಹೊಡೆದರು.

ಕಬ್ಬಿನ ನಡುವೆ ಟ್ರಾಕ್ಟರು ಕೆಮ್ಮಿ ನಿಂತಿತು. ಸಿದ್ದರಾಜು ಏನೇನೋ ಬಿಚ್ಚಿ ನೋಡಿದ. "ಅಜ್ಜೀ, ಮೇಸ್ತ್ರಿ ಕರ್ಕಂಡ್ ಬತ್ತೀನಿ. ಚಿರ್ತೆ ಬಂದ್ರೂ ನಿಂಗೇನು, ಟ್ಯಾಂಕಲ್ಲಿದ್ದೀಯ!" ಎಂದು ಹೊರಟೇಹೋದ.

ಬಿಸಿಲೇರಿತು. ತಗಡು ಕಾದು ಹಂಚಾಯಿತು. ಅಣ್ಣಮ್ಮ ಬಾಗಿಲಿನ ಒಳಮೈಯನ್ನೆಲ್ಲ ತಡವಿದಳು. ಬರೀ ನುಣುಪು ತಗಡು, ಹಿಡಿಯಲು ಏನೂ ಇಲ್ಲ. ಕೂಗಿದಳು, ಬಡಿದಳು. ಕೇಳುವವರಿರಲಿಲ್ಲ. ವಯಸ್ಸಾದ ಮೈ, ತಡೆದಳು, ತಡೆದಳು, ಕೊನೆಗೆ ಆಗಲಿಲ್ಲ.

ಬಾಗಿಲು ತೆರೆದಾಗ ಸಾಬರ ಹಿಂದೆ ಅರ್ಧ ಊರೇ ಇತ್ತು. "ಏನಜ್ಜೀ, ಯುದ್ಧ ಗೆದ್ದಾ?" ಎಂದು ಯಾರೋ ನಕ್ಕರು. ಇನ್ನೊಬ್ಬ ಬಗ್ಗಿ ನೋಡಿ, "ಟ್ಯಾಂಕು ಸೋರ್ತಾ ಅದೆ ಕಣ್ರಲಾ!" ಎಂದ.

ಸಾಬರು ಅವಳ ಊದಿದ ಕೈ ನೋಡಿದರು, ಒದ್ದೆ ಸೀರೆ ನೋಡಿದರು. ಹೆಗಲಿನ ಟವೆಲು ತೆಗೆದು ಅವಳ ಮಡಿಲಿಗಿಟ್ಟು, ತಿರುಗಿ ನಿಂತು, ಎರಡೂ ಕೈ ಅಗಲಿಸಿ ಬಾಗಿಲಿಗೆ ಅಡ್ಡವಾದರು. "ಹೋಗ್ರಪ್ಪಾ ಆ ಕಡೆ" ಎಂದರು.

ಅಣ್ಣಮ್ಮ ಮನೆಯಿಂದಾಚೆ ಬರುವುದನ್ನೇ ಬಿಟ್ಟಳು. ಹಾಲನ್ನು ಪಕ್ಕದವಳ ಕೈಲಿ ಕಳಿಸುವಳು. ಆ ಟ್ರೈಲರು ಹತ್ತಲು ಮತ್ತೆ ಯಾವ ಹೆಂಗಸೂ ಒಪ್ಪಲಿಲ್ಲ. ಕತ್ತಲಿರುವಾಗಲೇ ಆ ಹೆಂಗಸರು ಚಿರತೆಯನ್ನು ಬೆದರಿಸಲು ತಟ್ಟೆ ಬಡಿಯುತ್ತ ಕಬ್ಬಿನ ದಾರಿ ಹಿಡಿಯುವ ಸದ್ದು ಹಾಸಿಗೆಯಲ್ಲಿ ಕೇಳುತ್ತಿತ್ತು. ತನ್ನ ನಾಚಿಕೆಗೆ ಇವರಲ್ಲೊಬ್ಬಳು ಬಲಿಯಾದರೆ? ಒಂದು ಬೆಳಿಗ್ಗೆ ಒಗೆದ ಟವೆಲು ಮಡಚಿಕೊಂಡು, ತಲೆ ತಗ್ಗಿಸಿ ಕಿಕ್ಕೇರಿ ಬಸ್ಸು ಹತ್ತಿದಳು.

ಶೆಡ್ಡಿಗೆ ಬೀಗ ಹಾಕಿತ್ತು. ಮನೆ ಹುಡುಕಿಕೊಂಡು ಹೋದಾಗ ಬಾಗಿಲಲ್ಲಿ ಅಕ್ಬರಿ ಬೇಗಂ ಸಿಕ್ಕಿದರು. "ಆವತ್ನಿಂದ ಆಚೆಗೇ ಹೋಗಿಲ್ಲ ಅಮ್ಮಾ. ನಮಾಜೂ ಮನೇಲೇ. ಮುಖ ತೋರ್ಸಾಕೆ ಶರಂ ಆಯ್ತದಂತೆ."

ಒಳಗೆ ಕೂತಿದ್ದ ಸಾಬರು ತಲೆ ಎತ್ತಲಿಲ್ಲ. ನೆಲ ನೋಡುತ್ತಲೇ ಹೇಳಿದರು: "ಕೋಳಿಗೆ ಯಾರಮ್ಮಾ ಒಳಗಡೆ ಚಿಲಕ ಇಡ್ತಾರೆ? ಕುರಿಗೆ ಯಾರು ಇಡ್ತಾರೆ? ಜೀವ್ಮಾನ ಎಲ್ಲಾ ಹೊರ್ಗಡೆನೇ ಬೆಸೆದ ಕೈ, ಅಂಗೇ ಹೋಗ್ಬುಡ್ತು. ಬಾಯಲ್ಲಿ ಟ್ಯಾಂಕು, ಕೈಯಲ್ಲಿ ಕೋಳಿಗೂಡು. ನಿಮ್ಮನ್ನ ಕೋಳಿ ಮಾಡ್ಬುಟ್ಟೆನಲ್ಲಮ್ಮ, ತೌಬಾ."

"ನನ್ ಮಾನನೂ ಹೋಯ್ತು, ನಿಮ್ದೂ ಹೋಯ್ತು" ಎಂದಳು ಅಣ್ಣಮ್ಮ. ಅವಳಿಗೂ ಮುಖ ಎತ್ತಲಾಗಲಿಲ್ಲ. "ಅಲ್ಲಿ ಹೆಂಗಸ್ರು ತಟ್ಟೆ ಬಡ್ಕಂಡು ಹೋಗ್ತಾವ್ರೆ ಸಾಬ್ರೇ. ಎದ್ದು ಒಳಗಡೆಗೂ ಚಿಲಕ ಇಡಿ."

ಸಾಬರು ಎದ್ದರು. ತಗಡಿನ ಮೇಲ್ಭಾಗ ಕತ್ತರಿಸಿ ಜಾಲರಿ ಕೂರಿಸಿದರು. ಹೊರಗಿನ ಚಿಲಕವನ್ನು ಒಳಗಿನಿಂದಲೇ ಎತ್ತುವ ಹಾಗೆ ಒಂದು ಹಿಡಿ ಬೆಸೆದರು. ಆ ಟ್ರೈಲರು ಇವತ್ತಿಗೂ ಬೆಳಗಾಗುವ ಮೊದಲೇ ಹೆಂಗಸರನ್ನು ಡೈರಿಗೆ ಮುಟ್ಟಿಸುತ್ತದೆ. ಸಾಬರಿಲ್ಲ; ಹೋದ ಚಳಿಗಾಲದಲ್ಲಿ ಉಬ್ಬಸ ಹೆಚ್ಚಾಗಿ ತೀರಿಕೊಂಡರು. ಅದಕ್ಕೆ ಮೊದಲು ರಂಜಾನಿಗೆ ಅಣ್ಣಮ್ಮನ ಮನೆಗೆ ಶಾವಿಗೆ ಕಳಿಸಿದ್ದರು, ಎದುರಾದಾಗ ಕೈಯೆತ್ತಿದ್ದರು. ಆದರೆ ಅವಳನ್ನು ಮತ್ತೆ ಏನನ್ನೂ ಕೇಳಿಕೊಂಡಿರಲಿಲ್ಲ. ಅವರು ಅವಳನ್ನು ಕೊನೆಯದಾಗಿ ಕೇಳಿಕೊಂಡದ್ದು, ಹಿಡಿ ಬೆಸೆದ ಮಾರನೆಯ ದಿನ.

ಅವತ್ತು ಟ್ರೈಲರನ್ನು ಕಬ್ಬಿನ ನಡುವಿನ ಅದೇ ಜಾಗಕ್ಕೆ ಎಳೆಸಿ, ಸುಡುಬಿಸಿಲಿನಲ್ಲಿ ನಿಲ್ಲಿಸಿದ್ದರು. ನೋಡಲು ಜನ ಸೇರಿದ್ದರು, ನಕ್ಕವರೂ ಇದ್ದರು. ಸಾಬರು ತಾವೇ ಒಳಗೆ ಹತ್ತಿ ಕೂತರು. ಚಿಲಕ ಹಾಕಲು ಸಿದ್ದರಾಜು ಮುಂದೆ ಬಂದ.

"ನೀನ್ ಬ್ಯಾಡ ಕಣ್ಲಾ, ಪಾಪ ಅಂತ ತೆಗೆದ್ಬುಡ್ತೀಯ" ಎಂದು ಅವನನ್ನು ತಡೆದು, ಆ ಘಟನೆಯ ನಂತರ ಮೊದಲ ಸಲ ಅಣ್ಣಮ್ಮನ ಮುಖ ನೋಡಿದರು.

"ಅಮ್ಮಾ, ನೀವೇ ಚಿಲಕ ಹಾಕ್ಬುಟ್ಟು, ನಾನು ಬಡಿದ್ರೂ ಕೂಗಿದ್ರೂ ತಿರುಗಿ ನೋಡ್ದಂಗೆ ಇವ್ರನ್ನೆಲ್ಲ ಕರ್ಕಂಡು ಮನೆಗೆ ಹೊಂಟೋಯ್ತೀರಾ?"