ಟೈಲರಮ್ಮನ ಹಳದಿ ಟೇಪು

೧೯೯೭ರಲ್ಲಿ ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಆವತ್ತಿಂದ ಗುಬ್ಬಿಯ ಕೊಬ್ಬರಿ ಮಂಡಿಯಲ್ಲಿ ತಕ್ಕಡಿ ಹಿಡಿದಿದ್ದೇನೆ. ತೂಕದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳುವ ಹಾಗಿರಲಿಲ್ಲ. ಹೇಳಿದವರು ಮರಳೂರಿನ ನಮ್ಮ ಎದುರು ಮನೆಯ ಟೈಲರಮ್ಮ ಒಬ್ಬರೇ. ಸೂಜಿ ಚುಚ್ಚಿ ಚುಚ್ಚಿ ಅವರ ಎಡಗೈ ತೋರುಬೆರಳ ತುದಿ ಜಡ್ಡುಗಟ್ಟಿತ್ತು. ಕೊರಳಲ್ಲಿ ಸದಾ ಹಳದಿ ಟೇಪು.

ನನ್ನ ಮಗಳಿಗೆ ಹುಟ್ಟಿನಿಂದ ಒಂದು ಅಪರೂಪದ ಕಾಯಿಲೆ. ಹೊಟ್ಟೆ ತುಂಬಿತು ಅನ್ನುವುದೇ ಅವಳಿಗೆ ತಿಳಿಯುವುದಿಲ್ಲ. ಮೈಯಲ್ಲಿ ಕೊಬ್ಬು ಜಾಸ್ತಿ, ಕಸುವು ಕಮ್ಮಿ. ಅಡುಗೆ ಮನೆಗೆ ಬೀಗ ಹಾಕಿಯೇ ಬಾಳಬೇಕು. ಬೇರೆ ಮಕ್ಕಳಾದರೆ ಅಪ್ಪ ಕೆಲಸ ಮಾಡುವ ಜಾಗಕ್ಕೆ ಬಂದು ಕೂರುತ್ತವೆ. ಇವಳನ್ನು ಕೊಬ್ಬರಿ ರಾಶಿಯ ಮುಂದೆ ಕೂರಿಸುವುದು ಹೇಗೆ? ಟೈಲರಮ್ಮ ಮನೆಯಲ್ಲೇ ಇಟ್ಟಿದ್ದ ಹೊಲಿಗೆ ಅಂಗಡಿಯಲ್ಲಿ ತಿನ್ನುವಂಥದ್ದು ಏನೂ ಇರಲಿಲ್ಲ. ಸ್ಕೂಲಿಂದ ಬಂದವಳು ಅಲ್ಲೇ ಗುಂಡಿ ವಿಂಗಡಿಸುತ್ತಾ ಕೂರುತ್ತಿದ್ದಳು. ಅವಳು ಕಡಲೆಕಾಯಿ ಬಚ್ಚಿಟ್ಟುಕೊಳ್ಳುತ್ತಾಳೆಂದು ಅವರು ಅವಳ ಫ್ರಾಕಿಗೆ ಜೇಬೇ ಇಡುತ್ತಿರಲಿಲ್ಲ. "ಜೇಬಿಲ್ದಿದ್ರೆ ಕಳ್ಳತನಾನೂ ಇಲ್ಲ, ಬೈಗುಳಾನೂ ಇಲ್ಲ ಕಣಪ್ಪಾ" ಅನ್ನುತ್ತಿದ್ದರು.

ಬೆಂಗಳೂರಿನ ಡಾಕ್ಟರು ಬೆಳವಣಿಗೆಯ ಹಾರ್ಮೋನ್ ಇಂಜೆಕ್ಷನ್ ಬರೆದುಕೊಟ್ಟರು, ದಿನಾ ಸಂಜೆ ಒಂದು. ನನ್ನ ಕೈಯಲ್ಲಿ ಸೂಜಿ ಕಂಡರೆ ಮಂಚದಡಿ ಸೇರುವವಳು, ಟೈಲರಮ್ಮ ಚುಚ್ಚಲು ಬಂದರೆ ತಾನೇ ತೋಳು ಚಾಚುತ್ತಿದ್ದಳು. ಮೂಟೆ ತೂಗಿ ದುಡಿಯುವವನು ನಾನು, ತೋಳು ಚಾಚುವುದು ಅವರಿಗೆ. ನನಗೆ ಹೊಟ್ಟೆ ಉರಿಯುತ್ತಿತ್ತು.

ಆರು ತಿಂಗಳಾದ ಮೇಲೆ ಒಂದು ಭಾನುವಾರ ಮಂಡಿಯ ತಕ್ಕಡಿಯನ್ನು ಮನೆಗೇ ತಂದು, ಮೂಟೆ ಇಡುವ ಹಲಗೆಯ ಮೇಲೆ ಮಗಳನ್ನು ನಿಲ್ಲಿಸಿದೆ. ತೂಕ ಒಂದಿಷ್ಟೂ ಇಳಿದಿರಲಿಲ್ಲ. ಸುಳ್ಳೇಕೆ, ಟೈಲರಮ್ಮನ ಸೂಜಿ ಸೋತಿತೆಂದು ಒಳಗೊಳಗೇ ಖುಷಿಯಾಯಿತು. ಇಂಜೆಕ್ಷನ್ ದಂಡ ಅಂತ ಹೆಂಡತಿಗೆ ಹೇಳಿ ನಿಲ್ಲಿಸಿಬಿಟ್ಟೆ. ಮಗಳನ್ನು ಎದುರು ಮನೆಗೂ ಬಿಡಲಿಲ್ಲ.

ಐದನೇ ದಿನ ಟೈಲರಮ್ಮ ತಮ್ಮ ಅಳತೆ ಪುಸ್ತಕ ಹಿಡಿದು ಬಂದರು. ಗಿರಾಕಿಗಳ ಅಳತೆಗಳ ನಡುವೆ ನನ್ನ ಮಗಳದೂ ಇತ್ತು: ತಿಂಗಳು ತಿಂಗಳೂ ಸೊಂಟ, ತೋಳು, ಎತ್ತರ. ಆಮೇಲೆ ಅವಳಿಗೆ ಹಳೇ ಫ್ರಾಕ್ ತೊಡಿಸಿದರು. ಸೊಂಟದಲ್ಲಿ ನಾಲ್ಕು ಬೆರಳು ಸಡಿಲ. ಮೊಣಕಾಲು ಮುಚ್ಚುತ್ತಿದ್ದ ಅಂಚು ಮೇಲೆ ನಿಂತಿತ್ತು.

"ಏನಪ್ಪಾ, ಕಾಯಿ ತೂಗಿಬುಟ್ಟು ಒಳಗೆ ಕೊಬ್ಬರಿ ಆಗಿಲ್ಲ ಅಂತೀಯಾ? ಗಡಗಡ ಅಂತೈತಾ ಅಂತ ಅಲ್ಲಾಡ್ಸಿ ಕೇಳಲ್ವಾ ನೀನು? ಕೊಬ್ಬು ಕರಗೈತೆ, ಆ ಜಾಗಕ್ಕೆ ಮಾಂಸಖಂಡ ಬಂದೈತೆ. ಡಾಕ್ಟ್ರ ಚೀಟಿಲೂ ಹಂಗೇ ಬರ್ದವ್ರೆ."

ಆ ಇಂಗ್ಲಿಷ್ ಚೀಟಿ ಓದಲು ನನಗೆ ಬರುತ್ತಿರಲಿಲ್ಲ. ಅದೇ ಚುಚ್ಚಿತು. "ಅಷ್ಟು ಓದಿದ್ರೆ ನೀವೇ ಸಾಕ್ಕೊಳ್ಳಿ" ಅಂದುಬಿಟ್ಟೆ.

ಅವರು ಸಿಟ್ಟಾಗಲಿಲ್ಲ. "ಸಾಕಕ್ಕೆ ನಾನೆಷ್ಟು ದಿನ ಇರ್ತೀನಿ? ಕೂತ್ಕೋ, ಚುಚ್ಚೋದು ಕಲ್ತ್ಕೋ."

ಪಿನ್ನು ಚುಚ್ಚಿಡುವ ಪುಟ್ಟ ದಿಂಬಿನ ಮೇಲೆ ನನ್ನ ಕೈ ಹಿಡಿದು ಕಲಿಸಿದರು. ಆವತ್ತು ಸಂಜೆಯಿಂದಲೇ ಇಂಜೆಕ್ಷನ್ ಮತ್ತೆ ಶುರುವಾಯಿತು. ಮಗಳು ನನಗೆ ತೋಳು ಕೊಡಲು ಮಾತ್ರ ಎರಡು ತಿಂಗಳು ಹಿಡಿಯಿತು.

ಹೋದ ವರ್ಷ ಕುಣಿಗಲ್‌ನ ತಮ್ಮನ ಮನೆಯಲ್ಲಿ ಅವರು ತೀರಿಕೊಂಡರು. ಮೈ ಸೋತು ಅಲ್ಲಿಗೆ ಹೊರಡುವಾಗ ಟೇಪನ್ನೂ ಅಳತೆ ಪುಸ್ತಕವನ್ನೂ ನನ್ನ ಕೈಗೇ ಕೊಟ್ಟಿದ್ದರು. ಸುದ್ದಿ ಕೇಳಿದ ಮಗಳು ಒಂದು ಹೊತ್ತು ಊಟ ಕೇಳಲಿಲ್ಲ. ಅವಳು ಊಟ ಕೇಳದ ಹೊತ್ತು ನಾನು ಕಂಡಂತೆ ಅದೊಂದೇ. ನನಗೋಸ್ಕರ ಹಾಗೆ ಬಿಡುತ್ತಾಳೋ ಇಲ್ಲವೋ. ಈಗಲೂ ಹೊಟ್ಟೆ ಉರಿಯುತ್ತದೆ.

ಸದ್ಯಕ್ಕೆ ನನ್ನ ಹತ್ತಿರ ಇರುವುದು ಇಷ್ಟು. ಅಡುಗೆ ಮನೆ ಬೀಗದ ಕೈ ಒಂದು, ಹಳದಿ ಟೇಪು ಒಂದು, ತೋಳು ಚಾಚುವ ಮಗಳು ಒಬ್ಬಳು. ಅಳತೆ ಪುಸ್ತಕದಲ್ಲಿ ಅವಳ ಅಳತೆ ಇಪ್ಪತ್ತಾರು ತಿಂಗಳು ಟೈಲರಮ್ಮನ ಅಕ್ಷರದಲ್ಲಿ, ಒಂಬತ್ತು ತಿಂಗಳು ನನ್ನದರಲ್ಲಿ.