ಅಂಗಳದಡಿಯ ಎಣ್ಣೆ ಟ್ಯಾಂಕು

ಮನೆ ಕೊಳ್ಳುವ ಮೊದಲು ಅಂಗಳದ ಅಡಿಯಲ್ಲಿ ಏನು ಹೂತಿದೆಯೆಂದು ಕೇಳಬೇಕಂತೆ! ನಮ್ಮ ಕಡೆ ಬಾವಿಯ ನೀರು ಸಿಹಿಯೋ ಉಪ್ಪೋ ಎಂದು ವಿಚಾರಿಸುತ್ತೇವೆ. ನ್ಯೂಜೆರ್ಸಿಯಲ್ಲಿ ವಿಚಾರಿಸುವುದು ಎಣ್ಣೆ ಟ್ಯಾಂಕನ್ನು. ಚಳಿಗೆ ಮನೆ ಬೆಚ್ಚಗಿಡಲು ಒಂದು ಕಾಲದಲ್ಲಿ ಇಲ್ಲಿನವರು ಹಿತ್ತಲಲ್ಲೇ ಎಣ್ಣೆ ಹೂತಿಟ್ಟುಕೊಳ್ಳುತ್ತಿದ್ದರು. ಅದು ಸೋರಿ ಮಣ್ಣು ಕೆಟ್ಟಿದ್ದರೆ ಬ್ಯಾಂಕು ಸಾಲ ಕೊಡುವುದಿಲ್ಲ.

ನಾವು ಮನೆ ಹುಡುಕಲು ಹೊರಟದ್ದು ಬ್ಯಾಂಕುಗಳೇ ಮಗುಚಿ ಬೀಳುತ್ತಿದ್ದ ವರ್ಷ. ಮನೆಗಳ ಬೆಲೆ ಇಳಿದದ್ದರಿಂದ ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ನಮಗೂ ಒಂದು ಎಟುಕುವಂತಿತ್ತು. ಬಾಡಿಗೆಯ ಅಪಾರ್ಟ್‌ಮೆಂಟಿನಲ್ಲಿ ಬಂಗುಡೆ ಹುರಿದರೆ ಸಾಕು, ಹೊಗೆಯ ಅಲಾರಂ ಬೊಬ್ಬೆ ಹೊಡೆಯುತ್ತಿತ್ತು. ಸ್ವಂತ ಮನೆಯೊಂದು ಬೇಕೇ ಬೇಕಿತ್ತು ನನಗೆ.

ನಾವು ನೋಡಿದ ಮನೆಯ ಯಜಮಾನ ಜೋ ರಿಫೈನರಿಯಿಂದ ನಿವೃತ್ತನಾದ ಮುದುಕ. ಅವನ ಅಜ್ಜ ಬೇಯೋನ್‌ನ ರಿಫೈನರಿಯಲ್ಲಿ ದೀಪದ ಸೀಮೆಎಣ್ಣೆ ತಯಾರಿಸಿದವನಂತೆ. ಅಪ್ಪ ಲಿಂಡನ್‌ನಲ್ಲಿ ಪೆಟ್ರೋಲು. ಮನೆ ಬೆಚ್ಚಗಿಡಲು ಗ್ಯಾಸಿನ ಪೈಪು ಬಂದ ಮೇಲೂ ಜೋ ಅಂಗಳದಡಿಯ ಟ್ಯಾಂಕಿನಲ್ಲಿ ಎಣ್ಣೆ ಉಳಿಸಿಕೊಂಡಿದ್ದ.

"ಗ್ಯಾಸು ಕಣ್ಣಿಗೆ ಕಾಣೋದಿಲ್ಲ, ನಂಬೋದು ಹೇಗೆ?" ಎಂದು ನಕ್ಕು, ಮಟ್ಟ ನೋಡಲು ವರ್ಷಕ್ಕೊಮ್ಮೆ ಟ್ಯಾಂಕಿಗೆ ಇಳಿಬಿಡುವ ಅಳತೆಕೋಲನ್ನು ನನ್ನ ಕೈಗಿಟ್ಟ.

ನನ್ನ ಅಪ್ಪ ಪಣಂಬೂರು ಬಂದರಿನಲ್ಲಿ ಇಂಥದೇ ಅಳೆಯುವ ಕೆಲಸ ಮಾಡಿದವರು. ದಿನಾ ಬೆಳಿಗ್ಗೆ ಟ್ಯಾಂಕು ಹತ್ತಿ, ಹಿತ್ತಾಳೆ ಗುಂಡು ಕಟ್ಟಿದ ಟೇಪು ಇಳಿಸಿ ಎಣ್ಣೆಯ ಮಟ್ಟ ನೋಡುತ್ತಿದ್ದರು. ಸಂಜೆ ಅವರ ಅಂಗಿಯ ಡೀಸೆಲ್ ವಾಸನೆಗೆ ಅಮ್ಮ ಬೈಯುತ್ತಿದ್ದಳು. ನಾನು ಅದಕ್ಕೇ ಮುಖ ಒತ್ತುತ್ತಿದ್ದೆ. ಅಯ್ಯೋ, ಆ ಅಂಗಿ! "ತೆಗೆಯದ ಎಣ್ಣೆ ಇಳೀಬಾರ್ದು ಮಗಾ, ಇಳಿದ್ರೆ ಎಲ್ಲೋ ತೂತು ಉಂಟು," ಎನ್ನುತ್ತಿದ್ದರು.

ಜೋನ ಕೋಲಿನ ಮೇಲೆ ಪೆನ್ಸಿಲ್ ಗೀಟುಗಳು ವರ್ಷದಿಂದ ವರ್ಷಕ್ಕೆ ಕೆಳಗಿಳಿದಿದ್ದವು.

"ಇದರಿಂದ ಎಣ್ಣೆ ತೆಗೆದಿದ್ದೀರಾ?" ಎಂದು ಕೇಳಿದೆ.

"ಒಂದು ಹನಿಯೂ ಇಲ್ಲ."

ಗೀಟುಗಳತ್ತ ಬೆರಳು ಮಾಡಿದೆ. ನನ್ನ ಗಂಡ ಸುರೇಶ್ ಮೊಣಕೈಯಿಂದ ತಿವಿದರು. "ನಿಂಗೆ ಎಂತಕ್ಕೆ ಮಾರಾಯ್ತಿ ಈ ಉಸಾಬರಿ? ಮನೆ ಕೈಬಿಟ್ಟು ಹೋಗ್ತದೆ!"

"ಹೋಗ್ಲಿ ಮಾರಾಯ್ರೆ. ಸೋರಿದ ಎಣ್ಣೆ ಮೇಲೆ ಮಲಗ್ಲಿಕ್ಕೆ ನನ್ನಿಂದಾಗುದಿಲ್ಲ."

ಜೋ ಕೋಲನ್ನೇ ನೋಡುತ್ತ ನಿಂತ. ಟ್ಯಾಂಕು ಸೋರುತ್ತಿದೆಯೆಂದು ಅವನಿಗೆ ಗೊತ್ತಿತ್ತು, ಜೀವಮಾನವಿಡೀ ಟ್ಯಾಂಕುಗಳ ನಡುವೆ ದುಡಿದವನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಒಪ್ಪಿಕೊಳ್ಳಲು ಮನಸ್ಸು ಬಂದಿರಲಿಲ್ಲ, ಅಷ್ಟೆ.

"ಇದನ್ನು ಓದಲು ನಿನಗೆ ಕಲಿಸಿದವರು ಯಾರು?" ಎಂದ.

"ನನ್ನ ಅಪ್ಪ. ಟ್ಯಾಂಕು ಅಳೆಯುವವರು."

ಮುದುಕ ನನ್ನ ಕೈ ಹಿಡಿದುಕೊಂಡ. "ಹಾಗಾದರೆ ನೀನು ನಮ್ಮವಳು."

ಬಂದು ಮೂರು ವರ್ಷವಾದರೂ ಈ ದೇಶದಲ್ಲಿ ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಅವನ ಅಂಗಳದಲ್ಲೇ ಅತ್ತುಬಿಟ್ಟೆ. ಮನೆ ಮಾತ್ರ ನಮ್ಮದಾಗಲಿಲ್ಲ.